ಅಬ್ಬಾನ ಕನ್ನಡ

ಹೆಸರು ಹೇಳುವವರೆಗೆ ತಿಪಟೂರಿನಲ್ಲಿ ಮನೆಗಳು ಖಾಲಿ ಇರುತ್ತವೆ. ಹೆಸರು ಹೇಳಿದ ಕೂಡಲೇ ಆ ಮನೆಗೆ ಒಬ್ಬ ಅಳಿಯ ಬರುತ್ತಾನೆ. ಹಾಸನದಿಂದಲೋ ಅರಸೀಕೆರೆಯಿಂದಲೋ ವರ್ಗವಾಗಿ, ಸಂಸಾರ ಸಮೇತ, ಬರುವ ವಾರವೇ. 'ಬೇಜಾರ್ ಮಾಡ್ಕೋಬ್ಯಾಡ ಕಣಪ್ಪ, ನಮ್ಮಳಿಯ ಬತ್ತಾವ್ನೆ.' ಈ ಊರಿನ ಅಳಿಯಂದಿರೆಲ್ಲ ಹೇಳಿದ ವಾರ ಹೇಳಿದ ಹಾಗೆ ಬಂದಿಳಿದರೆ ಬಸ್ ಸ್ಟ್ಯಾಂಡು ಸಾಲುವುದಿಲ್ಲ ಎಂದು ಇಮ್ದಾದ್ ಮೊದಮೊದಲು ಆ ಮಾಲೀಕರ ದನಿಗಳನ್ನು ಒಂದೊಂದಾಗಿ ಮಾಡಿ ತೋರಿಸಿ ಹೆಂಡತಿ ಆಸ್ಫಿಯಾಳನ್ನು ನಗಿಸುತ್ತಿದ್ದ. ಏಳನೆಯ ಅಳಿಯನ ಹೊತ್ತಿಗೆ ಅವಳು ನಗುವುದನ್ನು ಬಿಟ್ಟಳು. ಬಸುರಿನ ಏಳನೆಯ ತಿಂಗಳ ಹೊತ್ತಿಗೆ ನೀರು ಕುಡಿಯುವುದನ್ನೂ ಬಿಡತೊಡಗಿದಳು. ಅವರ ಕೋಣೆ ಮೇಲಿದೆ. ನಲ್ಲಿ ಕೆಳಗೆ, ಕಕ್ಕಸು ಕೆಳಗೆ, ನಡುವೆ ಹೊರಗೋಡೆಗೆ ಒರಗಿಸಿದ ಹದಿನೆಂಟು ಕಬ್ಬಿಣದ ಮೆಟ್ಟಿಲು, ಮೆಟ್ಟಿಲು ಮೆಟ್ಟಿಲಿನ ನಡುವೆ ಬರೀ ಗಾಳಿ. ಮೆಟ್ಟಿಲು ಹತ್ತಿಳಿಯಬಾರದು, ನೀರು ಚೆನ್ನಾಗಿ ಕುಡಿಯಬೇಕು ಎಂದು ಡಾಕ್ಟರಮ್ಮ ಒಂದೇ ಉಸಿರಿನಲ್ಲಿ ಹೇಳಿದ್ದರು. ಎರಡನ್ನೂ ಒಟ್ಟಿಗೆ ಪಾಲಿಸಲು ಆ ಕೋಣೆಯಲ್ಲಿ ಸಾಧ್ಯವಿರಲಿಲ್ಲ. ಹೋದ ವಾರ ಬೆಳಗಿನ ಇಬ್ಬನಿಗೆ ಕಾಲು ಜಾರಿ ಆರನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎಂದು ಅವಳೇ ಮೂರು ಸಲ ಹೇಳಿದಳು. ಅಂದಿನಿಂದ ಲೋಟ ಅರ್ಧ ಲೋಟವಾಯಿತು. ಕೇಳಿದರೆ ಈ ಊರಿನಲ್ಲಿ ಬಾಯಾರಿಕೆಯೇ ಆಗುವುದಿಲ್ಲ ಎನ್ನುತ್ತಾಳೆ. ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡು ಹೇಳುತ್ತಾಳೆ.

ಇವತ್ತು ನಾಲ್ಕು ಗಂಟೆಗೆ ಆ ಹೆಂಗಸು ಬರುತ್ತಾಳೆ. ಅವನು ಕೆಲಸ ಮಾಡುವ ಬೈಕ್ ಷೋರೂಮಿನ ಮ್ಯಾನೇಜರ್ ಶಂಭುಲಿಂಗಯ್ಯನವರ ಹೆಂಡತಿಯ ಅಕ್ಕ, ಶಿವರುದ್ರಮ್ಮ. ರೈಲ್ವೆ ಗೇಟಿನಾಚೆ ಅವರ ಮನೆಯ ಹಿಂದೆ ಒಂದು ಸಣ್ಣ ಮನೆ. ನೆಲಕ್ಕೇ ಬಾಗಿಲು, ಬಾಗಿಲ ಪಕ್ಕದಲ್ಲೇ ನಲ್ಲಿ. 'ಅವಳಿಗೆ ಅಳಿಯ ಇಲ್ಲ, ಇರೋದು ಇಬ್ರೂ ಗಂಡುಮಕ್ಕಳು, ಹೆದರ್ಕೋಬ್ಯಾಡ,' ಎಂದು ಶಂಭುಲಿಂಗಯ್ಯ ನಕ್ಕಿದ್ದರು. 'ನಾನು ಹೇಳೀದೀನಿ ಕಣಪ್ಪ, ಹುಡುಗ ನಮ್ಮೋನೇ ಅಂತ. ಒಂದ್ಸಲ ನಿನ್ನ ನೋಡ್ಬೇಕಂತೆ. ಬಂದಾಗ ನಿಮ್ಮಪ್ಪನ್ ಒಂಚೂರು ಮಾಡಿ ತೋರ್ಸು. ನಕ್ಬುಟ್ರೆ ಆಯ್ತು, ಮನೆ ನಿಂದು.' ಆಯ್ತು ಸಾರ್ ಎಂದು ತಾನೂ ನಕ್ಕದ್ದು ಇಮ್ದಾದ್‌ಗೆ ಇಡೀ ಭಾನುವಾರ ಹಲ್ಲಿನ ಸಂದಿಯ ನಾರಿನಂತೆ ಕಾಡಿತ್ತು. ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಮೆಟ್ಟಿಲಿಳಿದು, ಕೊಬ್ಬರಿ ಮಂಡಿಗಳ ಪಕ್ಕದ ರಸ್ತೆಯಲ್ಲಿ ಅವನು ಷೋರೂಮಿಗೆ ನಡೆದ. ಮೂಟೆಗಳ ಮೇಲೆ ಮೂಟೆ, ಅದೇ ಎಣ್ಣೆವಾಸನೆ, ಅಂಗಿಯಲ್ಲಿ, ಟಿಫನ್ ಡಬ್ಬಿಯಲ್ಲಿ, ಕನಸಿನಲ್ಲಿ. ಚಿಕ್ಕನಾಯಕನಹಳ್ಳಿ ಎಷ್ಟು ದೂರ, ಬಸ್ಸು ಹತ್ತಿದರೆ ಒಂದು ನಿದ್ದೆಯ ಹಾದಿ. ಆದರೂ ಅಲ್ಲಿಯ ಬೀದಿಯಲ್ಲಿ ಅವನು ಹೀಗೆ ಬಾಯಿ ಮುಚ್ಚಿಕೊಂಡು ನಡೆದದ್ದೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹುಳಿಯಾರು ಹುಳಿಯಾರು ಎಂದು ಮೂಗಿನಲ್ಲಿ ಕೂಗುವ ಏಜೆಂಟ್, ಹೈಸ್ಕೂಲಿನಲ್ಲಿ ಪಾಠದ ನಡುವೆ ಸೀನಿ ಆ ಸೀನನ್ನೂ ಪಾಠದಂತೆ ಎರಡು ಸಲ ಹೇಳುತ್ತಿದ್ದ ಮೇಷ್ಟ್ರು, ಹೋಟೆಲಿನ ಗಂಗಾಧರಯ್ಯನವರ ಗಂಟಲಿನಲ್ಲಿ ಸಿಕ್ಕಿಕೊಂಡ ಕೆಮ್ಮು, ಎಲ್ಲವೂ ಅವನ ನಾಲಿಗೆಯ ಮೇಲಿದ್ದವು. ಎಲ್ಲಿ ನಿಂತರೂ ನಾಲ್ಕು ಜನ. 'ಮೇಷ್ಟ್ರದ್ ಒಂದ್ ಬುಡಲಾ.' ಬಿಟ್ಟರೆ ನಗು. ಅಲ್ಲಿಯ ಸರ್ವಿಸ್ ಪಾಯಿಂಟ್ ಮುಚ್ಚಿ ಅವನನ್ನು ಇಲ್ಲಿಗೆ ಹಾಕಿದಾಗ ಅವನು ಸ್ಪ್ಯಾನರು, ಬಟ್ಟೆ, ಹೆಂಡತಿಯ ಹೊಲಿಗೆ ಯಂತ್ರವನ್ನೆಲ್ಲ ಟೆಂಪೋದಲ್ಲಿ ಹೇರಿಕೊಂಡು ಬಂದ. ಆ ದನಿಗಳನ್ನೂ ತಂದಿದ್ದ. ಆದರೆ ಇಲ್ಲಿ ಆ ಮೇಷ್ಟ್ರು ಯಾರಿಗೂ ಗೊತ್ತಿಲ್ಲ, ಗಂಗಾಧರಯ್ಯ ಕೆಮ್ಮಿದರೆ ಯಾರಿಗೂ ಏನೂ ಇಲ್ಲ. ಮೊದಲ ವಾರ ಊಟದ ಹೊತ್ತಿನಲ್ಲಿ ಅವನು ಏಜೆಂಟನ ಹುಳಿಯಾರು ಕೂಗಿದಾಗ ಬಿಲ್ಲಿಂಗಿನ ಮೋಕ್ಷಿತ್ ಗಾಬರಿಯಾಗಿ, 'ಯಾಕ್ ಗುರೂ, ಊರಿಗೆ ಹೊಂಟ್ಯಾ?' ಎಂದು ಕೇಳಿದ್ದ. ಅಸಲು ಗೊತ್ತಿಲ್ಲದ ಊರಿನಲ್ಲಿ ನಕಲಿಗೆ ಬಡ್ಡಿಯೂ ಹುಟ್ಟುವುದಿಲ್ಲ. ಎರಡು ತಿಂಗಳು ಅವನು ಜಾಬ್ ಕಾರ್ಡ್ ಬರೆಯುತ್ತ ಸುಮ್ಮನಿದ್ದ. ಗಿರಾಕಿಗಳು ಬಂದು ತಮ್ಮ ಬೈಕಿನ ಸದ್ದನ್ನು ತಾವೇ ಬಾಯಲ್ಲಿ ಮಾಡಿ ತೋರಿಸುವರು: ಕಟಕಟಕಟ ಅಂತದೆ, ಗೊರ್ ಅಂದ್ಬುಟ್ಟು ನಿಂತ್ಕಂತದೆ. ಇವನು ಕೇಳಿಸಿಕೊಂಡು ಚೈನು, ಕ್ಲಚ್ಚು ಎಂದು ಬರೆಯುವನು. ಎಲ್ಲರೂ ನಕಲು ಮಾಡುವ ಕಡೆ ತಾನೊಬ್ಬನೇ ಬರಹಗಾರ.

ಆಮೇಲೆ ಒಂದು ಮಧ್ಯಾಹ್ನ ಮೋಕ್ಷಿತ್ ಕೇಳಿದ. 'ಲೇ ಇಮ್ದಾದು, ನಿಮ್ಮಪ್ಪ ಹೆಂಗ್ ಮಾತಾಡ್ತಾರ್ಲಾ? ಅವರ್ದ್ ಮಾಡು.' ಅದರಲ್ಲಿ ಕೇಡೇನೂ ಇರಲಿಲ್ಲ. ಹುಡುಗರು ಡಬ್ಬಿ ತೆರೆದು ಕೂತಿದ್ದರು, ಶಂಭುಲಿಂಗಯ್ಯನವರೂ ಗಾಜಿನ ಕೋಣೆಯಿಂದ ಹೊರಬಂದು ಹಲ್ಲುಕಡ್ಡಿ ಆಡಿಸುತ್ತ ನಿಂತಿದ್ದರು. ಇಮ್ದಾದ್ ಮಾಡಿದ. ಅಬ್ಬಾ ಅಟ್ಟದ ಏಣಿಯ ಮೇಲೆ ನಿಂತು, ತೆಂಗಿನಕಾಯೊಂದನ್ನು ಕಿವಿಗೆ ಹಿಡಿದು ಕುಲುಕಿ, ಕೆಳಗಿರುವ ಮನೆಯೊಡತಿಗೆ ಹೇಳುವ ಮಾತು: 'ತಾಯೀ, ಈ ಕಾಯಿ ಇನ್ನ ಬಾಯಿ ಬುಟ್ಟಿಲ್ಲ. ಒಳಗೆ ನೀರೈತೆ, ನೀರಿರೋಗಂಟ ಅದು ನಿಜ ಹೇಳಲ್ಲ. ಯುಗಾದಿ ಕಳೀಲಿ ತಾಯಿ, ತಾನೇ ಮಾತಾಡ್ತದೆ.' ಆ ಇಳಿದನಿ, 'ತಾಯೀ' ಎಂಬಲ್ಲಿ ಒಂದು ಚೂರು ಎಳೆತ, 'ನಿಜ' ಎಂಬಲ್ಲಿ ಸಣ್ಣ ತಡೆ, ಎಲ್ಲ ಕೂದಲೆಳೆಯಷ್ಟೂ ತಪ್ಪದೆ ಬಂದಿತ್ತು. ತನ್ನ ದನಿಗೆ ತನಗೇ ರೋಮಾಂಚನವಾಯಿತು. ಯಾರೂ ನಗಲಿಲ್ಲ. 'ಇದೇನ್ಲಾ, ನಮ್ಮಜ್ಜನಂಗೇ ಮಾತಾಡ್ತಾರಲ್ಲ,' ಎಂದು ಮೋಕ್ಷಿತ್ ಅನ್ನದ ಕಡೆ ತಿರುಗಿದ. 'ಸಾಬ್ರಂಗೇ ಇಲ್ಲ.' ಆ ಒಂದು ಗಳಿಗೆ. ಜನ ಎದ್ದು ಹೋಗುವ ಮುಂಚಿನ ಗಳಿಗೆ ಯಾವ ಆಟಗಾರನಿಗೂ ಗೊತ್ತು, ಅದು ಬೆನ್ನಿನಲ್ಲಿ ಗೊತ್ತಾಗುತ್ತದೆ. ಯಾವಾಗಲೋ ಗಣಪತಿ ಪೆಂಡಾಲಿನ ನಾಟಕದಲ್ಲಿ ಲುಂಗಿ ಮೇಲೆತ್ತಿಕೊಂಡು ಬಂದ ಹಾಸ್ಯದ ಸಾಬಿಯೊಬ್ಬ ಇಮ್ದಾದ್‌ನ ಗಂಟಲಿಗೆ ತಾನಾಗಿ ಇಳಿದ. 'ಅರೇ ಅಮ್ಮಾ, ನಿಮ್ದೂಕೆ ಕಾಯಿ ಅಟ್ಟದ ಮ್ಯಾಲೆ ಮಲ್ಗವ್ನೆ, ನಮ್ದೂಕೆ ಎಬ್ಬಿಸ್ತದೆ, ಅವ್ನು ಏಳಾಕಿಲ್ಲ ಅಂತಾಳೆ.' ಮೋಕ್ಷಿತ್‌ನ ಬಾಯಿಂದ ಅನ್ನದಗುಳು ಹಾರಿತು. ಶಂಭುಲಿಂಗಯ್ಯ ಹಲ್ಲುಕಡ್ಡಿ ಬಿಸಾಡಿ ಗೋಡೆ ಹಿಡಿದುಕೊಂಡರು. ಅಂದಿನಿಂದ ಆ ನಕಲಿ ಅಬ್ಬಾ ದಿನಾ ಮಧ್ಯಾಹ್ನ ಷೋರೂಮಿಗೆ ಬರತೊಡಗಿದ. ಅಬ್ಬಾ ಬ್ಯಾಂಕಿಗೆ ಹೋದದ್ದು, ಅಬ್ಬಾ ಹಲ್ಲು ಕೀಳಿಸಿದ್ದು, ಅಬ್ಬಾ ಹೊಸ ಸ್ಕೂಟರಿಗೆ ಹುಲ್ಲು ಹಾಕಿದ್ದು.

ವಾಟರ್ ವಾಷ್ ಮಾಡುವ ಉಮರ್ ಫಾರೂಖ್ ಒಬ್ಬ ನಗುತ್ತಿರಲಿಲ್ಲ. ಐವತ್ತು ದಾಟಿದವನು, ಇದೇ ಊರಿನವನು, ಮೊಣಕಾಲವರೆಗೆ ರಬ್ಬರ್ ಬೂಟು. ಒಮ್ಮೆ ಮಾತ್ರ ಪೈಪು ಸುತ್ತುತ್ತ ಕೇಳಿದ್ದ: 'ನಿಮ್ಮಪ್ಪಂಗೆ ಅಷ್ಟೊಂದು ಕನ್ನಡ ಬರಲ್ವೇನಪ್ಪ?' 'ಬರ್ತದೆ, ಇದು ಸುಮ್ನೆ ತಮಾಷೆಗೆ,' ಎಂದಿದ್ದ ಇಮ್ದಾದ್. 'ಹ್ಞೂ,' ಎಂದು ಫಾರೂಖ್ ನೀರು ಬಿಟ್ಟ. 'ನಂಗೂ ಬರ್ತದೆ. ಆದ್ರೆ ಈಗ ನಾನ್ ಬಾಯಿ ಬುಟ್ರೆ ಹುಡುಗ್ರು ಮೊದ್ಲೇ ನಗ್ತಾವೆ. ಅದಕ್ಕೆ ಕೇಳ್ದೆ.' ನೀರಿನ ಸದ್ದಿನಲ್ಲಿ ಕೇಳಿಸಲಿಲ್ಲವೆಂಬಂತೆ ಇಮ್ದಾದ್ ಒಳಗೆ ಹೋಗಿದ್ದ. ಚೆನ್ನಾಗಿ ಕೇಳಿಸಿತ್ತು.

ಅಬ್ಬಾನ ಕಸುಬು ಕಿವಿಯದು. ತೋಟದ ಮನೆಗಳವರು ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅದು ಕತ್ತಲಲ್ಲಿ ಕೂತು ತನ್ನ ನೀರನ್ನು ತಾನೇ ಕುಡಿದು ಒಣಗಬೇಕು. ಒಳಗಿನ ಕೊಬ್ಬರಿ ಗಿಟುಕು ಚಿಪ್ಪು ಬಿಟ್ಟು ಉರುಳಾಡಬೇಕು. ಒಡೆದು ನೋಡಿದರೆ ಕಾಯಿ ಹಾಳು, ಕಾದರೆ ಬೆಲೆ ಹಾಳು. ಅದಕ್ಕೇ ಅಬ್ಬಾನನ್ನು, ಪೀರ್ ಸಾಬ್‌ರನ್ನು ಕರೆಸುತ್ತಿದ್ದರು. ಚಿಕ್ಕನಾಯಕನಹಳ್ಳಿಯ ಸುತ್ತಿನಲ್ಲಿ, ಹಂದನಕೆರೆಯ ಕಡೆ, ಅಡುಗೆಮನೆ ದಾಟಿ ಹೋಗಬೇಕಾದ ಅಟ್ಟಗಳಿಗೂ ಅವರನ್ನು ಬಿಡುತ್ತಿದ್ದರು. ಚಪ್ಪಲಿ ಕಳಚಿ, ಕಾಲು ತೊಳೆದು, 'ತಾಯೀ, ಬರಬೋದಾ' ಎಂದು ಹೊಸಿಲಲ್ಲಿ ನಿಂತು ಕೇಳಿ ಒಳಗೆ ಹೋಗುವರು. ಕಾಯಿ ಎಣಿಸುವಾಗ ಮೊದಲನೆಯದನ್ನು ಒಂದು ಎನ್ನದೆ 'ಲಾಭ' ಎನ್ನುವರು. ಆ ಮನೆಯವರೇ ಮರೆತರೂ ಅವರು ಮರೆಯುತ್ತಿರಲಿಲ್ಲ. ಎಂಟು ವರ್ಷದ ಇಮ್ದಾದ್ ಒಮ್ಮೆ ಜೊತೆಗೆ ಹೋಗಿ ಏಣಿಯ ಬುಡದಲ್ಲಿ ನಿಂತಿದ್ದ. ಮೇಲೆ ಕತ್ತಲಲ್ಲಿ ಅಬ್ಬಾನ ದನಿ. ಮನೆಯಲ್ಲಿ ತಮ್ಮ ಉರ್ದುವಿನಲ್ಲಿ ಗದರುವ ದನಿಯಲ್ಲ. ಬೇರೊಬ್ಬ ಮನುಷ್ಯ, ಇನ್ನೂ ದೊಡ್ಡವನು, ಅಟ್ಟದಲ್ಲಿ ಕೂತು ಕಾಯಿಗಳ ಜೊತೆ, ಮನೆಯ ಮುದುಕಿಯ ಜೊತೆ, ಮಳೆಯ ಜೊತೆ ಒಂದೇ ಕನ್ನಡದಲ್ಲಿ ಮಾತಾಡುತ್ತಿದ್ದಾನೆ. ಆ ಸಂಜೆ ಮನೆಗೆ ಬಂದು ಅವನು ಮಾಡಿದ ಮೊದಲ ನಕಲು ಅದೇ. ಅಮ್ಮಿ ನಕ್ಕಿದ್ದಳು. ಅಬ್ಬಾ ನಕ್ಕಿರಲಿಲ್ಲ, ಆದರೆ ತಲೆ ಓರೆ ಮಾಡಿ, ಕಾಯಿಗೆ ಕೊಡುವ ಹಾಗೆ ಅವನಿಗೆ ಕಿವಿ ಕೊಟ್ಟಿದ್ದರು.

ಶಿವರುದ್ರಮ್ಮ ನಾಲ್ಕಕ್ಕೆ ಹತ್ತು ನಿಮಿಷವಿರುವಾಗಲೇ ತಮ್ಮ ಸ್ಕೂಟರಿನಲ್ಲಿ ಬಂದರು. ಐವತ್ತರ ಆಸುಪಾಸು, ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ಎಲ್ಲವನ್ನೂ ಒಮ್ಮೆ ಬೆರಳಿನಿಂದ ಮುಟ್ಟಿ ನೋಡುವ ಕಣ್ಣು. ಮೋಕ್ಷಿತ್ ಕುರ್ಚಿ ಹಾಕಿದ, ಶಂಭುಲಿಂಗಯ್ಯ ಟೀ ಹೇಳಿದರು. 'ಇವ್ನೇ ಕಣಕ್ಕ.' ಅವರು ಇಮ್ದಾದ್‌ನನ್ನು ಕಾಲಿನಿಂದ ಮೇಲೆ ನೋಡಿದರು. ಎಷ್ಟು ಜನ, ಹೆಂಡತಿಗೆ ಎಷ್ಟು ತಿಂಗಳು, ಯಾರು ಯಾರು ಬಂದು ಹೋಗುತ್ತಾರೆ. ಆಮೇಲೆ ಕಪ್ಪು ಕೆಳಗಿಟ್ಟು, 'ನಮ್ದು ಲಿಂಗದ ಮನೆ ಕಣಪ್ಪ. ಹಿಂದಿನ ಮನೇಲಿ ಒಗ್ಗರಣೆ ಹಾಕಿದ್ರೆ ಮುಂದಿನ ಮನೇಲಿ ಸೀನ್ತೀವಿ. ತಿಳೀತಲ್ಲ?' ಎಂದರು. 'ತಿಳೀತು ಮೇಡಂ.' 'ಮೇಡಂ ಎಲ್ಲ ಬ್ಯಾಡ.' ಅವರು ಮತ್ತೆ ಕಪ್ಪು ಎತ್ತಿಕೊಂಡರು. ಅವರು ಟೀ ಹೀರುವಷ್ಟರಲ್ಲಿ ಅಳಿಯನೊಬ್ಬ ಇನ್ನೂ ಹುಟ್ಟದ ಮಗಳನ್ನು ಕಟ್ಟಿಕೊಂಡು ಬರುತ್ತಿರುವುದು ಇಮ್ದಾದ್‌ಗೆ ಕಾಣಿಸಿತು. ಶಂಭುಲಿಂಗಯ್ಯ ಕಣ್ಣು ಮಿಟುಕಿಸಿದರು. 'ಅಕ್ಕಂಗೆ ನಿಮ್ಮಪ್ಪನ್ ತೋರ್ಸಪ್ಪ.'

ಅವನಿಗೆ ಅರ್ಧ ಲೋಟ ನೀರು ಕಾಣಿಸಿತು. ಕಬ್ಬಿಣದ ಕಂಬಿಯ ಮೇಲೆ ಆಸ್ಫಿಯಾಳ ಉಂಗುರ ತಾಗಿ ಠಿಣ್ ಎನ್ನುವ ಸದ್ದು, ಇಳಿಯುವಾಗ ಹದಿನೆಂಟು, ಹತ್ತುವಾಗ ಹದಿನೆಂಟು. ಕಾಲು ಅಗಲಿಸಿ ನಿಂತ, ಇಲ್ಲದ ಲುಂಗಿಯನ್ನು ಮೇಲೆತ್ತಿದ. ಅಬ್ಬಾ ತಿಪಟೂರಿನಲ್ಲಿ ಮನೆ ಕೇಳಲು ಹೊರಟರು. 'ಅರೇ ಅಮ್ಮಾ, ನಮ್ದೂಕೆ ಮನೆ ಬೇಕಾಗವ್ಳೆ. ಗ್ವಾಡೆ ನಿಮ್ದೇ ಇಟ್ಕೊಳ್ಳಿ, ಸೂರು ನಿಮ್ದೇ ಇಟ್ಕೊಳ್ಳಿ, ನಮ್ದೂಕೆ ಒಂದು ಬಾಗ್ಲು ಕೊಟ್ರೆ ಅವ್ನ್ ತಾವಾ ನಿಂತ್ಕಂತದೆ.' ಶಿವರುದ್ರಮ್ಮನ ತುಟಿ ಅಲುಗಿತು. ಅದು ಸಾಕಾಗಿತ್ತು, ಅವನು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಗು ಬರುವ ವಾಸನೆ ಹತ್ತಿದ ಮೇಲೆ ನಿಲ್ಲಿಸುವುದು ಅವನ ಕೈಲಿರಲಿಲ್ಲ. ಅಬ್ಬಾ ಅಳಿಯನಿಲ್ಲದ ಮನೆ ಹುಡುಕಿದರು, ಅಬ್ಬಾ ಒಬ್ಬ ಅಳಿಯನನ್ನು ಬಾಡಿಗೆಗೆ ಕೇಳಿದರು, ಅಬ್ಬಾ ಸೋತು ಅಟ್ಟ ಹತ್ತಿ ಕಾಯಿಗಳ ನಡುವೆ ಮಲಗಿ, ಕುಲುಕಿದವರಿಗೆ 'ನಮ್ದೂಕೆ ಇನ್ನಾ ನೀರೈತೆ' ಎಂದರು. ಶಿವರುದ್ರಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕರು, ಕಣ್ಣಿನಲ್ಲಿ ನೀರು ಬರುವಷ್ಟು. ಮೋಕ್ಷಿತ್ ಮೇಜು ಗುದ್ದಿದ. ಈ ಸದ್ದಿನ ನಡುವೆ, ಹಿಂದಿನ ವಾಟರ್ ವಾಷಿನ ಮೋಟರು ಬಹಳ ಹೊತ್ತಿನಿಂದ ನಿಂತಿದೆ ಎಂಬುದು ಇಮ್ದಾದ್‌ಗೆ ಹೊಳೆಯಿತು.

ಉಮರ್ ಫಾರೂಖ್ ಬಾಗಿಲಲ್ಲಿ ನಿಂತಿದ್ದ. ಬೂಟಿನಿಂದ ನೀರು ಸೋರುತ್ತಿತ್ತು. 'ನಿಮ್ಮ ಅಬ್ಬಾ ಬಂದವ್ರೆ,' ಎಂದ, ಯಾವ ದನಿಯೂ ಇಲ್ಲದ ದನಿಯಲ್ಲಿ. 'ಅರ್ಧ ಗಂಟೆ ಆಯ್ತು. ಇಲ್ಲೇ ಹಿಂದೆ ಬೆಂಚಿನ ಮೇಲೆ ಕುಂತಿದ್ರು. ಒಳಗೆ ದೊಡ್ಡೋರಿದಾರೆ, ಮುಗೀಲಿ ಅಂದ್ರು.' ಬೆಂಚಿಗೂ ಈ ಕೋಣೆಗೂ ನಡುವೆ ಇದ್ದದ್ದು ಒಂದು ತಗಡಿನ ಗೋಡೆ.

ಫಾರೂಖ್‌ನ ಹಿಂದೆ ಪೀರ್ ಸಾಬ್. ಬಿಳಿಯ ಅಂಗಿ, ಎತ್ತಿ ಕಟ್ಟದ ಪಂಚೆ, ಈಚಿನ ವರ್ಷಗಳಲ್ಲಿ ಬಿಟ್ಟ ಬಿಳಿಗಡ್ಡ, ಕೈಯಲ್ಲಿ ಅವರೆಕಾಯಿಯ ಚೀಲ. ಸೊಸೆ ಸೊಗಡಿನ ಅವರೆ ತಿನ್ನಬೇಕು ಎಂದಿದ್ದಳಂತೆ, ಫೋನಿನಲ್ಲಿ, ಅತ್ತೆಗೆ. ಚಪ್ಪಲಿಯನ್ನು ಹೊರಗೆ ಬಿಟ್ಟಿದ್ದರು. ಷೋರೂಮಿನ ಟೈಲ್ಸಿನ ಮೇಲೆ ಅವರ ಬರಿಗಾಲು ಎಷ್ಟು ಹಳೆಯದಾಗಿ ಕಂಡಿತೆಂದರೆ ಇಮ್ದಾದ್ ಅದನ್ನೇ ನೋಡುತ್ತ ನಿಂತ. 'ಓ, ಅಸಲೀನೇ ಬಂತು,' ಎಂದ ಮೋಕ್ಷಿತ್ ಮೆಲ್ಲಗೆ. 'ಈಗ ಕೇಳಕ್ಕ, ಇವ್ನ್ ಮಾಡಿದ್ದು ಏನೂ ಅಲ್ಲ ಅಂತೀಯ.' ಎಲ್ಲರೂ ನಗುವಿಗೆ ತುಟಿಯನ್ನು ತೆರೆದೇ ಇಟ್ಟುಕೊಂಡು ಅಬ್ಬಾನ ಬಾಯನ್ನು ನೋಡಿದರು. ಶಂಭುಲಿಂಗಯ್ಯ, 'ಬನ್ನಿ ಬನ್ನಿ ಸಾಬ್ರೇ, ಯಾವಾಗ ಬಂದ್ರಿ ಊರಿಂದ?' ಎಂದರು.

ಈಗ ಅವರು ಬಾಯಿ ತೆರೆಯುತ್ತಾರೆ. 'ಈಗ ಬಂದೆ ಸ್ವಾಮಿ, ತಮ್ಮ ದಯ' ಎನ್ನುತ್ತಾರೆ. ಅಷ್ಟೇ ಸಾಕು. ಇಮ್ದಾದ್ ಸುಳ್ಳ ಎಂದಾಗುತ್ತದೆ, ಅಪ್ಪನನ್ನೇ ಮಾರಿದವನು ಎಂದಾಗುತ್ತದೆ, ನಗು ತಿರುಗಿ ಬಂದು ಮುಖಕ್ಕೆ ಹೊಡೆಯುತ್ತದೆ. ಹಾಗೇ ಆಗಲಿ ಎಂದು ಅವನ ಒಂದು ಮನಸ್ಸು ಕೂಗಿತು. ಇನ್ನೊಂದು ಮನಸ್ಸು ಹದಿನೆಂಟು ಮೆಟ್ಟಿಲು ಎಣಿಸಿತು. ಅಬ್ಬಾ ಮಗನ ಮುಖವನ್ನು ನೋಡಿದರು. ತಲೆಯನ್ನು ಒಂದು ಚೂರು ಓರೆ ಮಾಡಿ, ನೀರಿದೆಯೋ ಇಲ್ಲವೋ ಎಂದು ಕೇಳಿಸಿಕೊಳ್ಳುವವರ ಹಾಗೆ, ಒಂದು ಗಳಿಗೆ. ಆಮೇಲೆ ಬೆನ್ನನ್ನು ಸಡಿಲ ಬಿಟ್ಟರು, ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದರು.

'ಅರೇ ಸಾಮೇ,' ಎಂದರು, 'ನಮ್ದೂಕೆ ಬಸ್ಸು ಬೆಳಿಗ್ಗೇನೇ ಬಂದವ್ಳೆ. ನಮ್ದೂಕೆ ಈಗ ಬಂದೈತೆ.'

ಷೋರೂಮು ಹಾರಿಹೋಗುವಂಥ ನಗು. ಇಮ್ದಾದ್‌ಗೆ ಮೊದಲು ತಿಳಿಯಲಿಲ್ಲ. ಯಾರೋ ತನ್ನ ಹಿಂದೆ ನಿಂತು ಮಾತಾಡಿದಂತಾಯಿತು. ದನಿ ತನ್ನದು. ತಾನು ಎರಡು ತಿಂಗಳು ಮಧ್ಯಾಹ್ನ ಮಧ್ಯಾಹ್ನ ತೀಡಿ ತೀಡಿ ಮಾಡಿದ ದನಿ, ಅರ್ಧ ಗಂಟೆ ತಗಡಿನಾಚೆ ಕೂತು ಕೇಳಿದ್ದಷ್ಟರಲ್ಲೇ ಅದರ ಮೂಗು, ಅದರ ಕುಂಟು ಎಲ್ಲ ಅವರ ಕೈಗೆ ಸಿಕ್ಕಿತ್ತು. ಅಲ್ಲ, ತನಗಿಂತ ಚೆನ್ನಾಗಿತ್ತು. ತಾನು ನಗುವಿಗಾಗಿ ಆತುರಪಡುತ್ತಿದ್ದ ಕಡೆ ಅವರು ತಡೆದು ಆಡಿದ್ದರು. ಈ ಕಲೆ ತನಗೆ ಎಲ್ಲಿಂದ ಬಂತೆಂದು ಊರವರೆಲ್ಲ ಕೇಳುವಾಗ ಅವನು ಒಮ್ಮೆಯೂ ಆ ಕಡೆ ನೋಡಿರಲಿಲ್ಲ.

'ನಮ್ಮನೇಲಿ ಮಾಂಸಗೀಂಸ ಮಾಡಂಗಿಲ್ಲ ಸಾಬ್ರೇ, ಮಗಂಗೆ ಹೇಳೀದೀನಿ,' ಎಂದರು ಶಿವರುದ್ರಮ್ಮ, ಕಣ್ಣೊರೆಸಿಕೊಂಡು, ಇನ್ನೊಂದು ಮಾತು ಬರಲಿ ಎಂಬ ಆಸೆಯಿಂದ.

'ಮಾಂಸ ಯಾಕಮ್ಮಾ? ನಮ್ದೂಕೆ ಸೊಪ್ಪು ತಿಂತದೆ, ಮೇಕೆ ತರಾ. ನಿಮ್ದೂಕೆ ಹಿತ್ಲಾಗೆ ಕಟ್ಟಾಕ್ಬುಡಿ.'

ಇಮ್ದಾದ್ ಕೂಡ ನಕ್ಕ. ನಗದಿದ್ದರೆ ಕಾಣುತ್ತದೆ ಎಂದು ನಕ್ಕ. ಫಾರೂಖ್ ಬಾಗಿಲಲ್ಲಿ ಇರಲಿಲ್ಲ. ಹಿಂದೆ ಮೋಟರು ಮತ್ತೆ ಶುರುವಾಗಿತ್ತು, ತೊಳೆಯಲು ಬೈಕು ಯಾವುದೂ ಇಲ್ಲದಿದ್ದರೂ.

ನಗು ತಗ್ಗಿದ ಮೇಲೆ ಶಿವರುದ್ರಮ್ಮ ಪೀರ್ ಸಾಬ್‌ರನ್ನು ಸುಮ್ಮನೆ ನೋಡುತ್ತ ಕೂತರು. ಬೆರಳಿನಂಥ ಆ ಕಣ್ಣು ಅವರ ಹಣೆ, ಕಿವಿ, ಗಡ್ಡದ ಮೇಲೆಲ್ಲ ಓಡಾಡಿತು. 'ನಿಮ್ಮನ್ನ ನೋಡಿದ್ರೆ ಯಾರೋ ನೆಪ್ಪಿಗೆ ಬತ್ತಾರ್ ಕಣ್ರೀ,' ಎಂದರು. 'ನನ್ನ ತವರು ಹಂದನಕೆರೆ. ನಾನ್ ಹುಡುಗಿ ಆಗಿದ್ದಾಗ ನಮ್ಮನೆ ಅಟ್ಟದ ಕಾಯಿ ನೋಡಕ್ಕೆ ಒಬ್ರು ಸಾಬ್ರು ಬರೋರು. ಕಾಯಿ ಸಾಬ್ರು ಅಂತಿದ್ವಿ, ಹೆಸ್ರೇನೋ. ಎಂಥಾ ಮಾತು ಅವರ್ದು. ನಮ್ಮಪ್ಪ ಯಾರ್ನೂ ಪಡಸಾಲೆಗೆ ಕೂರ್ಸ್ತಿರ್ಲಿಲ್ಲ, ಅವರನ್ನ ಕೂರ್ಸ್ಕಂಡು ಮಾತು ಕೇಳೋರು. ನನ್ನ ಮದ್ವೇಲಿ ಅವರು ಹರಸಿದ್ದು ಇನ್ನೂ ಕಿವೀಲೈತೆ. ತಾಯಿ, ನಿನ್ನ ಅಟ್ಟ ಬರಿದಾಗ್ದೆ ಇರ್ಲಿ ಅಂದಿದ್ರು. ಅಂತೋರು ಈಗ ಮನೆ ಕೇಳ್ಕಂಡ್ ಬಂದಿದ್ರೆ ನಾನು ಹಿಂದಿನ್ದಲ್ಲ, ಮುಂದಿನ್ದೇ ಬುಟ್ಕೊಡ್ತಿದ್ದೆ.'

ಹೇಳಿಬಿಡಿ ಅಬ್ಬಾ. ಅವನೇ ಹೇಳಬಹುದಿತ್ತು: ಇವರೇ ಅಮ್ಮಾ ಅವರು. ಐದು ಶಬ್ದವೂ ಬೇಡ. ಹೇಳಿದರೆ ಆ ಹೆಂಗಸು ಎದ್ದು ನಿಲ್ಲುತ್ತಾಳೆ. ಎದ್ದು ನಿಂತು, ಈಗಷ್ಟೇ ಎರಡು ಬಾರಿ ಕಣ್ಣೀರು ಬರುವಂತೆ ನಕ್ಕದ್ದು ಯಾರನ್ನು ನೋಡಿ ಎಂದು ತಿಳಿಯುತ್ತಾಳೆ. ಆಮೇಲೆ ಆ ಕಣ್ಣು ಇಮ್ದಾದ್‌ನ ಕಡೆ ತಿರುಗುತ್ತದೆ. ಅವನು ಮೇಜಿನ ಮೇಲಿದ್ದ ಜಾಬ್ ಕಾರ್ಡಿನ ಮೂಲೆಯನ್ನು ಮಡಿಸಿದ. ಮತ್ತೆ ಬಿಡಿಸಿದ.

'ಹಂಗಾ ಅಮ್ಮಾ,' ಎಂದರು ಪೀರ್ ಸಾಬ್. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. 'ನಮ್ದೂಕೆ ಗೊತ್ತಿಲ್ಲ. ಅವ್ಳು ಸತ್ತೋಗವ್ನೆ, ಇರ್ಬೇಕು.'

ಮೋಕ್ಷಿತ್ ಇದಕ್ಕೂ ನಕ್ಕ. ಶಿವರುದ್ರಮ್ಮ ಇಷ್ಟೇ ಇಷ್ಟು ನಕ್ಕು, 'ಇರ್ಬೌದು ಬುಡಿ, ವಯಸ್ಸಾಗಿರ್ತದೆ,' ಎಂದು ನಿಟ್ಟುಸಿರು ಬಿಟ್ಟು ಎದ್ದರು. ಸ್ಕೂಟರಿನ ಕೀಲಿಯನ್ನು ಸೆರಗಿನಿಂದ ಬಿಚ್ಚುತ್ತ, 'ಒಳ್ಳೇ ಜನ ಕಣಪ್ಪ ನೀವು. ಮನೇಲಿ ನಗು ಇರ್ಬೇಕು. ಶುಕ್ರವಾರ ಹಾಲುಕ್ಕಿಸ್ಕಂಡ್ ಬಂದ್ಬುಡಿ. ನಿಮ್ಮಪ್ಪ ಅಮ್ಮನ್ನೂ ಕರ್ಕಂಬಾ, ನಮ್ಮ ಕಡೆ ಹೆಂಗಸ್ರೆಲ್ಲ ಬಂದಿರ್ತಾರೆ, ಇವ್ರ ಮಾತು ಕೇಳ್ಲಿ. ನಿಮ್ಮಮ್ಮನೂ ಹಿಂಗೇ ಮಾತಾಡ್ತಾರಾ?' ಎಂದರು. ಇಮ್ದಾದ್ ತಲೆಯಾಡಿಸಿದ. ಯಾವ ಕಡೆಗೆ ಆಡಿಸಿದನೋ ಅವನಿಗೇ ತಿಳಿಯಲಿಲ್ಲ. 'ಇನ್ನೂ ಮೇಲು ಅಂತೆ,' ಎಂದು ಮೋಕ್ಷಿತ್ ಅದನ್ನು ಬಿಡಿಸಿ ಹೇಳಿದ.

ಬಸ್ ಸ್ಟ್ಯಾಂಡಿಗೆ ಹತ್ತು ನಿಮಿಷದ ಹಾದಿ. ಅಬ್ಬಾ ಚಪ್ಪಲಿ ಮೆಟ್ಟಿಕೊಂಡು, ಪಂಚೆಯನ್ನು ಇಳಿಬಿಟ್ಟು, ಮಡಿಕೆಯನ್ನು ಕೈಯಿಂದ ಸರಿಮಾಡಿ ನಡೆದರು. ಅವರೆಕಾಯಿಯ ಚೀಲ ಈಗ ಇಮ್ದಾದ್‌ನ ಕೈಯಲ್ಲಿತ್ತು. ಮನೆಗೆ ಬನ್ನಿ, ಆಸ್ಫಿಯಾಳನ್ನು ನೋಡಿಕೊಂಡು ಹೋಗಿ ಎಂದು ಅವನು ಉರ್ದುವಿನಲ್ಲಿ ಹೇಳಿದ. ಮೆಟ್ಟಿಲು ಹತ್ತಲು ಮೊಣಕಾಲು ಬರುವುದಿಲ್ಲ ಎಂಬಂತೆ ಅವರು ಕೈ ಆಡಿಸಿದರು. ಇಳಿಹೊತ್ತಿನ ಬಿಸಿಲಿನಲ್ಲಿ ಮಂಡಿಯ ಮುಂದೆ ಹಮಾಲಿಗಳು ಮೂಟೆ ಹೊರುತ್ತಿದ್ದರು. ಒಂದು ಮೂಟೆಯ ಬಾಯಿ ಬಿಚ್ಚಿ ಗಿಟುಕುಗಳು ರಸ್ತೆಗೆ ಉರುಳಿದವು. ಎಂದಿನ ಅಬ್ಬಾ ಆಗಿದ್ದರೆ ಬಗ್ಗಿ ಒಂದನ್ನು ಎತ್ತಿ, ಉಗುರಿನಿಂದ ತಟ್ಟಿ, ಯಾವ ಕಡೆಯ ಮಾಲು ಎಂದು ಕೇಳುತ್ತಿದ್ದರು. ಇವತ್ತು ದಾಟಿಕೊಂಡು ಹೋದರು. ಹೊಡೆಯಲಿ ಎಂದು ಇಮ್ದಾದ್ ಕಾದ. ಹದಿನಾರು ವಯಸ್ಸಿನಲ್ಲಿ ಬೀಡಿ ಸೇದಿ ಸಿಕ್ಕಿಬಿದ್ದಾಗ ಹೊಡೆದಿದ್ದರು, ಉರ್ದುವಿನಲ್ಲಿ ಬೈದು ಬೈದು ಹೊಡೆದಿದ್ದರು. ಆ ಬೈಗುಳ ಒಂದಾದರೂ ಬಂದರೆ ಸಾಕಿತ್ತು.

ಚಿಕ್ಕನಾಯಕನಹಳ್ಳಿಯ ಬಸ್ಸು ನಿಂತಿತ್ತು. ಅವರು ಕಿಟಕಿಯ ಪಕ್ಕ ಕೂತರು. ಇಮ್ದಾದ್ ಕೆಳಗೆ ನಿಂತ, ಕಿಟಕಿಯ ಸರಳು ಹಿಡಿದುಕೊಂಡು. 'ಅಬ್ಬಾ,' ಎಂದ.

ಪೀರ್ ಸಾಬ್ ಅವನ ಕಡೆ ಬಗ್ಗಿದರು. ಅವರು ಮಾತಾಡಿದ್ದು ಕನ್ನಡದಲ್ಲಿ. ಹುಟ್ಟಿದಾಗಿನಿಂದ ಮಗನ ಜೊತೆ ಅವರು ಆಡದಿದ್ದ ಕನ್ನಡ, ಏಣಿಯ ಮೇಲಿನ ಕನ್ನಡ, ಪರರ ಮನೆಯ ಹೊಸಿಲಲ್ಲಿ ನಿಂತು ಆಡುವ, ಇಳಿದನಿಯ, ಮರ್ಯಾದೆಯ ಕನ್ನಡ.

'ನಾನು ಆಡಿದ್ದು ಸರಿ ಬಂತೇನಪ್ಪ?'

ಇಮ್ದಾದ್ ಸರಳನ್ನು ಬಿಗಿಯಾಗಿ ಹಿಡಿದ. 'ಬಂತು,' ಎಂದ, ಕನ್ನಡದಲ್ಲೇ.

'ತಗಡಿಂದಾಚೆ ಅಷ್ಟು ಸರಿಯಾಗಿ ಕೇಳಿಸ್ಲಿಲ್ಲ. ಕೆಲವು ಊಹೆ ಮ್ಯಾಲೆ ಆಡ್ಬುಟ್ಟೆ.' ಡ್ರೈವರು ಹತ್ತಿ ಕೂತು ಬಾಗಿಲು ಬಡಿದ. ಇಂಜಿನ್ನಿನ ನಡುಕಕ್ಕೆ ಅವರ ಗಡ್ಡವೂ ಸಣ್ಣಗೆ ನಡುಗಿತು. 'ಹೆಣ್ಮಗಳಿಗೆ ನೀರು ಚೆನ್ನಾಗ್ ಕುಡಿಸು. ಇನ್ನ ಮೆಟ್ಲಿಲ್ಲವಲ್ಲ.' ಆಮೇಲೆ ಏನೋ ಲೆಕ್ಕ ಹಾಕುವವರಂತೆ ಎದುರಿನ ಸೀಟಿನ ಬೆನ್ನನ್ನು ನೋಡಿದರು. 'ನಿಮ್ಮಮ್ಮಂದೇ ಕಷ್ಟ ಕಣಪ್ಪ. ಅವಳಿಗೆ ಬ್ಯಾರೆ ಥರ ಮಾತಾಡಿ ಅಭ್ಯಾಸ ಇಲ್ಲ. ಇರ್ಲಿ, ಶುಕ್ರವಾರಕ್ಕೆ ಇನ್ನ ನಾಕು ದಿನ ಐತಲ್ಲ. ನಾನೇ ಕುಂಡ್ರಿಸ್ಕಂಡು ಹೇಳ್ಕೊಡ್ತೀನಿ ಬುಡು.'